ಮುಂಬಯಿಯಲ್ಲಿ ಒಬ್ಬರೇ ಮಕ್ಕಳನ್ನು ಬೆಳೆಸುವವರಿಗೆ: ಮೊದಲು ಮಗು ನೋಡಿಕೊಳ್ಳುವವರು, ಆಮೇಲೆ ಮನೆ

ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೋ, ಡೈವೋರ್ಸ್ ಆದ ಮೇಲೋ, ಬಿಟ್ಟು ಹೋದ ಮೇಲೋ ಮಗುವಿನ ಜೊತೆ ಹೊಸದಾಗಿ ಸಂಸಾರ ಹೂಡಬೇಕಾದವರು ಎಲ್ಲರಿಗಿಂತ ಮೊದಲು ಬ್ರೋಕರ್‌ಗೆ ಫೋನ್ ಮಾಡುತ್ತಾರೆ. ಕಡಿಮೆ ಬಾಡಿಗೆ ಎಲ್ಲಿದೆ? ನಾಲಾಸೋಪಾರಾದಲ್ಲೋ ಬದ್ಲಾಪುರದಲ್ಲೋ ಒಂದು ಮನೆ ಸಿಗುತ್ತದೆ. ಆಮೇಲೆ ಹತ್ತಿರದ ಶಾಲೆ ಹುಡುಕುತ್ತಾರೆ. ಕೊನೆಗೆ, ಕೆಲಸಕ್ಕೆ ಸೇರುವ ಹಿಂದಿನ ದಿನ, ಮಗುವನ್ನು ಯಾರ ಹತ್ತಿರ ಬಿಡೋದು ಅನ್ನುವ ಚಿಂತೆ ಶುರು.

ಈ ಕ್ರಮವನ್ನು ತಲೆಕೆಳಗು ಮಾಡಿ ಅನ್ನುವುದೇ ಈ ಬರಹದ ಮುಖ್ಯ ಸಲಹೆ. ಮುಂಬಯಿಯಲ್ಲಿ ಬಾಡಿಗೆ ಮನೆ ಹೇಗೂ ಹನ್ನೊಂದು ತಿಂಗಳದ್ದು. ಶಾಲೆಯನ್ನು ಕಷ್ಟಪಟ್ಟಾದರೂ ಬದಲಿಸಬಹುದು. ಆದರೆ ಟ್ರೇನ್ ಕೈಕೊಟ್ಟ ದಿನ ರಾತ್ರಿ ಹತ್ತರವರೆಗೆ ಮುಖ ಸಿಂಡರಿಸದೆ ಮಗುವಿಗೆ ಊಟ ಹಾಕಿ ಮಲಗಿಸುವ ಮನುಷ್ಯರು ಸುಲಭಕ್ಕೆ ಸಿಗುವುದಿಲ್ಲ. ಅವರು ಸಿಕ್ಕ ಕಡೆ ಮನೆ ಮಾಡಿ. ಆಫೀಸು ದೂರವಾದರೆ ಆಗಲಿ, ಪ್ರಯಾಣ ನಿಮ್ಮದಾಗಲಿ, ಮಗುವಿನದ್ದಲ್ಲ.

ಇಲ್ಲಿ ಹೇಳಿದ್ದು ಹೆಚ್ಚಾಗಿ ಮುಂಬಯಿ, ಠಾಣೆ, ನವಿ ಮುಂಬಯಿಯ ಲೆಕ್ಕದಲ್ಲಿದೆ. ಸರ್ಕಾರಿ ನಿಯಮಗಳು ಇಡೀ ಮಹಾರಾಷ್ಟ್ರಕ್ಕೆ ಒಂದೇ, ಹಾಗಾಗಿ ಪುಣೆಯವರಿಗೂ ಉಪಯೋಗ ಆಗುತ್ತದೆ.

ಮೊದಲ ಹೆಜ್ಜೆ: ಒಂದು ಫೈಲು

ಮನೆ ಹುಡುಕಾಟಕ್ಕೂ ಮೊದಲು ಕಾಗದದ ಕೆಲಸ ಶುರು ಮಾಡಿ, ಯಾಕೆಂದರೆ ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮಗುವಿನ ಜನನ ಪ್ರಮಾಣಪತ್ರ, ನಿಮ್ಮಿಬ್ಬರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಹೇಗೂ ಬೇಕು. ಅದರ ಮೇಲೆ ತಹಶೀಲ್ದಾರರು ಕೊಡುವ ಆದಾಯ ಪ್ರಮಾಣಪತ್ರ ಬೇಕು. ಇಲ್ಲಿ ಎಲ್ಲರೂ 'ಉತ್ಪನ್ನಾಚಾ ದಾಖಲಾ' ಅನ್ನುವುದು ಇದಕ್ಕೇ. 'ಆಪಲೇ ಸರ್ಕಾರ್' ಪೋರ್ಟಲ್‌ನಲ್ಲಿ ಅಥವಾ ಸೇತು ಕೇಂದ್ರದಲ್ಲಿ ಅರ್ಜಿ ಹಾಕಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ನೀವು ಒಬ್ಬರೇ ಇದ್ದೀರಿ ಅಂತ ತೋರಿಸುವ ಕಾಗದ. ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಡೈವೋರ್ಸ್ ಆಗಿದ್ದರೆ ಕೋರ್ಟಿನ ಡಿಕ್ರಿ. ಕೇಸು ನಡೆಯುತ್ತಿದ್ದರೆ ಅರ್ಜಿಯ ಪ್ರತಿ ಮತ್ತು ಕೇಸ್ ನಂಬರ್.

ನಿಜವಾಗಿ ಒದ್ದಾಡುವವರು ಇನ್ನೊಂದು ಗುಂಪಿನವರು. ಗಂಡ ಎರಡು ವರ್ಷದ ಹಿಂದೆ ಹೋದವನು ಬಂದೇ ಇಲ್ಲ. ಡೈವೋರ್ಸ್ ಇಲ್ಲ, ದೂರು ಇಲ್ಲ, ಏನೂ ಇಲ್ಲ. 'ಕೋರ್ಟು ಕಚೇರಿ ಯಾಕೆ, ಮರ್ಯಾದೆ ಹೋಗುತ್ತೆ' ಅಂತ ಮನೆಯವರು ಸುಮ್ಮನಿರಿಸಿರುತ್ತಾರೆ. ಕಾಗದದ ಲೆಕ್ಕದಲ್ಲಿ ಆಕೆ ಇನ್ನೂ ಗಂಡನ ಜೊತೆ ಇರುವವಳೇ! ಯಾವ ಕೌಂಟರಿನಲ್ಲೂ ಅವಳ ಮಾತು ನಡೆಯುವುದಿಲ್ಲ. ಇಂಥವರಿಗೆ ಸರಳ ದಾರಿ ಎಂದರೆ ಜೀವನಾಂಶಕ್ಕೆ ಅರ್ಜಿ ಹಾಕುವುದು. ಮೊದಲು ಸಿಆರ್‌ಪಿಸಿ 125 ಇತ್ತಲ್ಲ, 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಹಣ ಬರುತ್ತೋ ಇಲ್ಲವೋ, ಒಂದು ಕೇಸ್ ನಂಬರ್ ಕೈಗೆ ಬರುತ್ತದೆ. ಎಷ್ಟೋ ಬಾಗಿಲು ತೆರೆಯುವುದು ಅದರಿಂದಲೇ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವು ಸಿಗುತ್ತದೆ. ಆದಾಯ ಎಷ್ಟೇ ಇರಲಿ, ಕೇಳುವ ಹಾಗಿಲ್ಲ. ಸಹಾಯವಾಣಿ 15100. ಮುಂಬಯಿಯ ಕುಟುಂಬ ನ್ಯಾಯಾಲಯ ಬಾಂದ್ರಾದಲ್ಲಿದೆ, ಪುಣೆಯದ್ದು ಶಿವಾಜಿನಗರದಲ್ಲಿ. ಹೊಡೆತ ಬಡಿತದ ವಿಷಯ ಇದ್ದರೆ 181ಕ್ಕೆ ಫೋನ್ ಮಾಡಿ. ಹಲವು ಪೊಲೀಸ್ ಠಾಣೆಗಳಲ್ಲಿ ಹೆಂಗಸರು, ಮಕ್ಕಳಿಗಾಗಿ ಇರುವ ಸ್ಪೆಷಲ್ ಸೆಲ್‌ಗೂ ಹೋಗಬಹುದು. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1984ರಲ್ಲಿ ಮುಂಬಯಿಯಲ್ಲೇ ಶುರು ಮಾಡಿದ ವ್ಯವಸ್ಥೆ ಅದು. ಅಲ್ಲಿ ಸಮಾಜ ಕಾರ್ಯಕರ್ತರು ಕೂತು ಮಾತು ಕೇಳುತ್ತಾರೆ.

ಮದುವೆ ಆಗದೆ ತಾಯಿಯಾದವರಿಗೂ ದಾರಿ ಇದೆ. 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಇಂಥ ತಾಯಿ ಅಫಿಡವಿಟ್ ಕೊಟ್ಟರೆ ಸಾಕು, ಮಗುವಿನ ಜನನ ಪ್ರಮಾಣಪತ್ರ ಕೊಡಬೇಕು. ಪ್ಯಾನ್ ಕಾರ್ಡಿಗೂ 2018ರ ಡಿಸೆಂಬರ್‌ನಿಂದ ತಾಯಿ ಒಬ್ಬಳೇ ಇದ್ದರೆ ತಂದೆಯ ಹೆಸರು ಕಡ್ಡಾಯವಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಒಬ್ಬ ಪೋಷಕರ ಹೆಸರಿದ್ದರೂ ನಡೆಯುತ್ತದೆ. ಇನ್ನೊಬ್ಬರ ಒಪ್ಪಿಗೆ ಸಿಗದಿದ್ದಾಗ 'ಅನೆಕ್ಸರ್ ಸಿ' ಅನ್ನುವ ಘೋಷಣೆ ಕೊಡಬೇಕು. ಕೌಂಟರಿನವರಿಗೆ ಇದು ಗೊತ್ತಿಲ್ಲದೆ ವಾಪಸ್ ಕಳಿಸುವುದುಂಟು. ನಿಯಮದ ಪ್ರಿಂಟ್ ಕೈಯಲ್ಲಿಟ್ಟುಕೊಂಡು ಹೋಗಿ, ಜಗಳ ಕಡಿಮೆಯಾಗುತ್ತದೆ.

ಕರ್ನಾಟಕದಿಂದ ಬಂದ ನಮ್ಮ ಕಡೆಯವರಿಗೆ ಎರಡು ಮಾತು ಜಾಸ್ತಿ ಹೇಳಬೇಕು. ಒಂದು, ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯುವುದಿಲ್ಲ. ಅದನ್ನೇ ನಂಬಿ ಶಾಲೆಯ ಅರ್ಜಿ ತುಂಬಿಸಿದರೆ ಪರಿಶೀಲನೆಯ ದಿನ ಎಲ್ಲ ಕೈಬಿಟ್ಟು ಹೋಗುತ್ತದೆ. ಎರಡು, ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಅನ್ನುವ ಪ್ರಮಾಣಪತ್ರ. ಇಲ್ಲಿ ಸಾಮಾನ್ಯವಾಗಿ ಹದಿನೈದು ವರ್ಷ ವಾಸದ ಪುರಾವೆ ಕೇಳುತ್ತಾರೆ. ಗಂಡನ ಹೆಸರಿನಲ್ಲೇ ಎಲ್ಲ ಇದ್ದವರಿಗೆ ಇದು ತಲೆನೋವು. ಹಳೆ ರೇಷನ್ ಕಾರ್ಡ್, ಮಗುವಿನ ಶಾಲೆ ದಾಖಲೆ, ವೋಟರ್ ಕಾರ್ಡ್, ಹಳೆಯ ಕರೆಂಟ್ ಬಿಲ್, ಏನನ್ನೂ ಎಸೆಯಬೇಡಿ.

ಎರಡನೇ ಹೆಜ್ಜೆ: ಮಗು ನೋಡಿಕೊಳ್ಳುವವರು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮುಂಬಯಿಯಲ್ಲಿ ಹೆಚ್ಚು ಜನ ಬಳಸುವುದು ಪಾಳಣಾಘರ್. ಬಿಲ್ಡಿಂಗಿನಲ್ಲೋ ಚಾಳಿನಲ್ಲೋ ಒಬ್ಬ ಹೆಂಗಸು ತನ್ನ ಮನೆಯಲ್ಲೇ ಐದಾರು ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ. ಬೋರ್ಡು ಇರುವುದಿಲ್ಲ, ಗೂಗಲ್‌ನಲ್ಲಿ ಸಿಗುವುದಿಲ್ಲ. ಬಿಲ್ಡಿಂಗಿನ ವಾಚ್‌ಮನ್, ತರಕಾರಿಯವನು, ಬಾಲವಾಡಿ ಟೀಚರ್ ಇವರನ್ನು ಕೇಳಿದರೆ ಗೊತ್ತಾಗುತ್ತದೆ. ದೊಡ್ಡ ಹೆಸರಿನ ಡೇಕೇರ್‌ಗಿಂತ ಒಳ್ಳೆಯ ಪಾಳಣಾಘರ್ ಎಷ್ಟೋ ಮೇಲು ಅಂತ ನನ್ನ ಅನಿಸಿಕೆ. ಡೇಕೇರ್‌ಗಳಲ್ಲಿ ಕ್ಯಾಮೆರಾ ಇರುತ್ತದೆ, ಬಣ್ಣದ ಗೋಡೆ ಇರುತ್ತದೆ, ಆದರೆ ಸಂಜೆ ಏಳಾದ ಮೇಲೆ ಅರ್ಧ ಗಂಟೆಗೆ ಇಷ್ಟು ಅಂತ ದಂಡ ಹಾಕುತ್ತಾರೆ. ಲೋಕಲ್ ಟ್ರೇನಿಗೆ ಆ ದಂಡ ಗೊತ್ತಿಲ್ಲವಲ್ಲ!

ನೀವು ಕೆಲಸ ಮಾಡುವ ಕಡೆ 50 ಅಥವಾ ಹೆಚ್ಚು ನೌಕರರಿದ್ದರೆ ಮಾಲೀಕರು ಮಕ್ಕಳ ಕ್ರೆಷ್ ಸೌಲಭ್ಯ ಕೊಡಲೇಬೇಕು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಬಂದ ನಿಯಮ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಆಫೀಸಿನೊಳಗೇ ಇರಬೇಕು ಅಂತಿಲ್ಲ, ಹತ್ತಿರದ ಕ್ರೆಷ್ ಜೊತೆ ಒಪ್ಪಂದ ಮಾಡಿಕೊಂಡರೂ ಆಯಿತು. ಯಾರೂ ಕೇಳದೆ ಇರುವುದರಿಂದ ಎಷ್ಟೋ ಕಂಪನಿಗಳು ಸುಮ್ಮನಿರುತ್ತವೆ. ಎಚ್‌ಆರ್‌ಗೆ ಬಾಯಲ್ಲಿ ಹೇಳಬೇಡಿ, ಇಮೇಲ್‌ನಲ್ಲಿ ಕೇಳಿ. ಆದರೂ ಒಂದು ಸಂಶಯ ಇದ್ದೇ ಇದೆ: ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ಬೆಳಗಿನ ಗದ್ದಲದಲ್ಲಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೋಗಲು ಆಗುತ್ತಾ? ಆಫೀಸಿನ ಕ್ರೆಷ್ ಚೆನ್ನಾಗಿದ್ದರೂ ದಾರಿ ಚೆನ್ನಾಗಿಲ್ಲ. ಆಫೀಸಿಗೆ ರಿಕ್ಷಾದಲ್ಲೋ ಬಸ್ಸಿನಲ್ಲೋ ಹೋಗುವಷ್ಟು ಹತ್ತಿರ ಇರುವವರಿಗೆ ಮಾತ್ರ ಇದು ಸರಿ.

ಅಂಗನವಾಡಿಯನ್ನು ಕ್ರೆಷ್ ಅಂದುಕೊಳ್ಳಬೇಡಿ. ಅದು ಕೆಲವೇ ಗಂಟೆ ನಡೆಯುತ್ತದೆ. ಕೇಂದ್ರದ 'ಪಾಲನಾ' ಯೋಜನೆಯಲ್ಲಿ ಕೆಲವು ಅಂಗನವಾಡಿಗಳು ಕ್ರೆಷ್ ಕೂಡ ನಡೆಸುತ್ತವೆ, 6 ತಿಂಗಳಿಂದ 6 ವರ್ಷದ ಮಕ್ಕಳಿಗೆ. ನಿಮ್ಮ ಅಂಗನವಾಡಿ ಸೇವಿಕೆಯನ್ನೇ ವಿಚಾರಿಸಿ. ಕಟ್ಟಡದ ಕೆಲಸಕ್ಕೆ ಹೋಗುವವರಿದ್ದರೆ ಸೈಟಿನಲ್ಲೇ ಕ್ರೆಷ್ ನಡೆಸುವ ಸಂಸ್ಥೆಗಳಿವೆ: ಇಲ್ಲಿ ಮುಂಬಯಿ ಮೊಬೈಲ್ ಕ್ರೆಷಸ್, ಪುಣೆಯಲ್ಲಿ ತಾರಾ ಮೊಬೈಲ್ ಕ್ರೆಷಸ್. ಉತ್ತರ ಕರ್ನಾಟಕದಿಂದ ಪುಣೆಗೆ ಬಂದು ಗಾರೆ ಕೆಲಸ ಮಾಡುವ ತಾಯಂದಿರಿಗೆ ಈ ಹೆಸರು ತಲುಪಿಸಬೇಕು.

ಜಾಗ ನೋಡಲು ಹೋಗುವಾಗ ಬೆಳಿಗ್ಗೆ ಹೇಳಿ ಹೋಗಬೇಡಿ. ಮಧ್ಯಾಹ್ನ ಒಂದು ಗಂಟೆಗೆ, ಊಟದ ಹೊತ್ತಿಗೆ ಹೋಗಿ. ಮಕ್ಕಳು ಅಳುತ್ತಿದ್ದಾರಾ, ಟಿವಿ ಮುಂದೆ ಸಾಲಾಗಿ ಕೂತಿದ್ದಾರಾ, ಊಟ ಏನು, ಕಕ್ಕಸು ಹೇಗಿದೆ, ಬಾಲ್ಕನಿಗೆ ಗ್ರಿಲ್ ಇದೆಯಾ, ಮನೆಯಲ್ಲಿ ಬೇರೆ ಯಾರ್ಯಾರು ಇರುತ್ತಾರೆ, ಗಂಡಸರು ಹಗಲು ಮನೆಯಲ್ಲಿರುತ್ತಾರಾ, ಎಲ್ಲ ಆಗ ಕಾಣುತ್ತದೆ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರು ಇರಬೇಕು ಅಂತ ಸರ್ಕಾರದ ಕ್ರೆಷ್ ಮಾರ್ಗಸೂಚಿ ಹೇಳುತ್ತದೆ. ನನ್ನನ್ನು ಕೇಳಿದರೆ ಹತ್ತೂ ಜಾಸ್ತಿ.

ಮಾತಾಡುವಾಗ ಮೂರು ವಿಷಯ ನೇರವಾಗಿ ಕೇಳಿ. ಜ್ವರ ಬಂದರೆ ಮಗುವನ್ನು ಇಟ್ಟುಕೊಳ್ಳುತ್ತೀರಾ? ನಾನು ಬರುವುದು ತಡವಾದರೆ ಎಷ್ಟು ಹೊತ್ತಿನವರೆಗೆ ಪರವಾಗಿಲ್ಲ? ನನ್ನನ್ನು ಬಿಟ್ಟು ಬೇರೆ ಯಾರು ಬಂದರೆ ಮಗುವನ್ನು ಕೊಡುತ್ತೀರಿ? ಮೂರನೆಯದಕ್ಕೆ ಹೆಸರು, ಫೋಟೋ ಸಹಿತ ಬರೆದು ಕೊಡಿ. ಕಸ್ಟಡಿ ಜಗಳ ನಡೆಯುತ್ತಿದ್ದರೆ ಕೋರ್ಟಿನ ಮಧ್ಯಂತರ ಆದೇಶದ ಪ್ರತಿಯನ್ನೂ ಕೊಡಿ. 'ಅಪ್ಪನೇ ಬಂದಿದ್ರಲ್ಲಾ' ಅಂದರೆ ಅವರನ್ನು ಬೈಯ್ಯೋಕೆ ಆಗುವುದಿಲ್ಲ.

ಮಳೆಗಾಲಕ್ಕೆ ಬೇರೆಯೇ ಮಾತುಕತೆ ಆಗಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು, ಲಕ್ಷಾಂತರ ಜನ ಆ ರಾತ್ರಿ ಮನೆ ಮುಟ್ಟಲಿಲ್ಲ. ಅಷ್ಟು ದೊಡ್ಡದು ಮತ್ತೆ ಬರಲಿ ಬಿಡಲಿ, ಕುರ್ಲಾ ಸಾಯನ್ ನಡುವೆ ಹಳಿ ಮುಳುಗುವುದು ಹೊಸದೇನಲ್ಲ. ಆ ರಾತ್ರಿ ಮಗು ಅಲ್ಲೇ ಮಲಗಬಹುದಾ ಅಂತ ಜೂನ್‌ಗೆ ಮೊದಲೇ ಕೇಳಿ. ಒಂದು ಜೊತೆ ಬಟ್ಟೆ, ಔಷಧಿ, ಒಂದು ಹೊದಿಕೆ ಅಲ್ಲೇ ಇಟ್ಟಿರಿ. ಇದಕ್ಕೆ ತಿಂಗಳಿಗೆ ಇನ್ನೂರು ಮುನ್ನೂರು ಹೆಚ್ಚು ಕೊಡಬೇಕಾದರೂ ಕೊಡಿ.

ಊರಿಂದ ಅಮ್ಮನನ್ನು ಕರೆಸುತ್ತೇನೆ ಅನ್ನುವವರು ತುಂಬ ಜನ. ಕರೆಸಿ. ಆದರೆ ಅಮ್ಮನಿಗೂ ಮಂಡಿನೋವು ಇದೆ, ತೆಂಗಿನ ತೋಟ ಇದೆ, ಊರಲ್ಲಿ ಮದುವೆ ಮುಂಜಿ ಇದೆ. ಅವರು ಇದ್ದಾಗಲೂ ಪಾಳಣಾಘರ್‌ಗೆ ವಾರಕ್ಕೆರಡು ದಿನ ಕಳಿಸುತ್ತಿರಿ, ಜಾಗ ಕೈತಪ್ಪಬಾರದು.

ಮೂರನೇ ಹೆಜ್ಜೆ: ಮನೆ

ಇರುವ ಮನೆಯನ್ನು ಬಿಡುವ ಮೊದಲು ಒಂದು ಸಲ ಯೋಚಿಸಿ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರ ಪ್ರಕಾರ ಹೆಂಡತಿಗೆ ಸಂಸಾರ ನಡೆಸಿದ ಮನೆಯಲ್ಲಿ ಇರುವ ಹಕ್ಕಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಆ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಗಡಿ ಚಾಳಿನಲ್ಲಿ (ಒಮ್ಮೆ ದೊಡ್ಡ ಮೊತ್ತ ಕೊಟ್ಟು, ಆಮೇಲೆ ಸಣ್ಣ ಬಾಡಿಗೆಗೆ ಇರುವ ಹಳೆ ಪದ್ಧತಿ) ಗಂಡನ ಹೆಸರಿನ ಖೋಲಿ ಇದ್ದು, ಅವರು ತೀರಿಕೊಂಡಾಗ ನೀವೂ ಅಲ್ಲೇ ವಾಸ ಇದ್ದಿದ್ದರೆ ಬಾಡಿಗೆ ಹಕ್ಕು ಮನೆಯವರಿಗೇ ಬರುತ್ತದೆ. ಫೋರ್ಟು, ಪರೇಲ್ ಕಡೆ ನಮ್ಮವರ ಇಂಥ ಹಳೆ ಖೋಲಿಗಳು ಬೇಕಾದಷ್ಟಿವೆ. ಭಾವ ಬಂದು 'ಖಾಲಿ ಮಾಡಿ ಊರಿಗೆ ಹೋಗಿ' ಅಂದಾಗ ತಲೆ ಆಡಿಸಬೇಡಿ. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು 15100.

ಹೊಸ ಬಾಡಿಗೆ ಮನೆಯೇ ಬೇಕು ಅಂದರೆ, 'ಲೀವ್ ಅಂಡ್ ಲೈಸನ್ಸ್' ಒಪ್ಪಂದವನ್ನು ನೋಂದಣಿ ಮಾಡಿಸಲೇಬೇಕು. ನೋಟರಿ ಸಾಲದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ 55ನೇ ಕಲಮಿನ ಪ್ರಕಾರ ಇದು ಮನೆ ಮಾಲೀಕರ ಜವಾಬ್ದಾರಿ. ಮಾಡಿಸದಿದ್ದರೆ ಜಗಳ ಬಂದಾಗ ಬಾಡಿಗೆದಾರರು ಹೇಳಿದ ಷರತ್ತೇ ಸರಿ ಅಂತ ಹಿಡಿಯುತ್ತಾರೆ, ಮಾಲೀಕರು ಸುಳ್ಳೆಂದು ಸಾಬೀತು ಮಾಡುವವರೆಗೆ. ಖರ್ಚು ಅಂಥ ದೊಡ್ಡದಲ್ಲ. ಹನ್ನೊಂದು ತಿಂಗಳಿಗೆ, ತಿಂಗಳ ಬಾಡಿಗೆ 20,000, ಡಿಪಾಸಿಟ್ 1 ಲಕ್ಷ ಅಂದುಕೊಳ್ಳಿ. ಒಟ್ಟು ಬಾಡಿಗೆ 2,20,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರ ಲೆಕ್ಕದಲ್ಲಿ ಸುಮಾರು 9,200 ಸೇರಿಸಿ. ಆ ಮೊತ್ತದ ಶೇ. 0.25 ಸ್ಟ್ಯಾಂಪ್ ಡ್ಯೂಟಿ, ಅಂದರೆ ಆರುನೂರು ರೂಪಾಯಿಯ ಒಳಗೆ. ನಗರ ಪಾಲಿಕೆ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000. ಏಜೆಂಟ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡರೆ ಅವನ ಫೀಸು ಬೇರೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆರ್‌ಟಿಇಯಲ್ಲಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಮಗುವಿಗೆ ಖಾಸಗಿ ಶಾಲೆಯ ಉಚಿತ ಸೀಟು ಕೇಳುವಾಗ ಬಾಡಿಗೆ ಮನೆಯವರಿಗೆ ನೋಂದಣಿಯಾದ ಒಪ್ಪಂದವೇ ವಿಳಾಸದ ಪುರಾವೆ. ನೋಟರಿ ಕಾಗದ ತಂದವರನ್ನು ವಾಪಸ್ ಕಳಿಸುತ್ತಾರೆ. ಸಾವಿರದ ಆರುನೂರು ಉಳಿಸಲು ಹೋಗಿ ಎಂಟು ವರ್ಷದ ಫೀಸು ಕಳೆದುಕೊಂಡ ಹಾಗೆ. ಡಿಪಾಸಿಟ್ ಕೂಡ ಕ್ಯಾಶ್ ಕೊಡಬೇಡಿ, ಬ್ಯಾಂಕಿನಿಂದಲೇ ಹೋಗಲಿ.

ಇನ್ನು ಸೊಸೈಟಿ. 'ಒಬ್ಬಳೇ ಹೆಂಗಸಿಗೆ ಕೊಡಲ್ಲ' ಅನ್ನುವ ಸೆಕ್ರೆಟರಿ ಮುಂಬಯಿಯ ಪ್ರತಿ ಬಿಲ್ಡಿಂಗಿನಲ್ಲೂ ಒಬ್ಬ ಸಿಗುತ್ತಾನೆ. ಮಹಾರಾಷ್ಟ್ರದ ಸಹಕಾರಿ ಗೃಹ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಬಾಡಿಗೆಗೆ ಕೊಡಲು ಸೊಸೈಟಿಯ ಅನುಮತಿ ಬೇಕಿಲ್ಲ. ಮನೆ ಮಾಲೀಕರು ಎಂಟು ದಿನ ಮುಂಚೆ ತಿಳಿಸಿ, ಒಪ್ಪಂದದ ಪ್ರತಿಯನ್ನೂ ಪೊಲೀಸರಿಗೆ ಕೊಟ್ಟ ಮಾಹಿತಿಯನ್ನೂ ಕೊಟ್ಟರೆ ಸಾಕು. ಮಾಲೀಕರು ತಾವೇ ವಾಸ ಇಲ್ಲದಿದ್ದಾಗ ಸೊಸೈಟಿ ವಿಧಿಸುವ ನಾನ್-ಆಕ್ಯುಪೆನ್ಸಿ ಚಾರ್ಜ್ ಕೂಡ ಸರ್ವಿಸ್ ಚಾರ್ಜಿನ ಶೇ. 10 ಮೀರುವಂತಿಲ್ಲ. ಇದನ್ನು ಜಗಳಕ್ಕೆ ಬಳಸಬೇಡಿ, ಮಾಲೀಕರಿಗೆ ಧೈರ್ಯ ಕೊಡಲು ಬಳಸಿ. ಅವರು ಗಟ್ಟಿ ನಿಂತರೆ ಸೆಕ್ರೆಟರಿ ಏನೂ ಮಾಡಲಾರ.

'ಗಂಡ ಗಲ್ಫ್‌ನಲ್ಲಿದ್ದಾರೆ ಅಂತ ಹೇಳಿಬಿಡಿ' ಅನ್ನುವ ಬ್ರೋಕರ್ ಸಲಹೆ ಕಿವಿಗೆ ಹಾಕಿಕೊಳ್ಳಬೇಡಿ. ಪೊಲೀಸ್ ಮಾಹಿತಿ ಫಾರ್ಮಿನಲ್ಲಿ ಒಂದು, ಒಪ್ಪಂದದಲ್ಲಿ ಇನ್ನೊಂದು, ಪಕ್ಕದ ಮನೆಯವರಿಗೆ ಮತ್ತೊಂದು. ಮಗು ಎಷ್ಟು ದಿನ ಆ ಸುಳ್ಳು ಕಾಪಾಡಬೇಕು? ಅದರ ಬದಲು ಆಫೀಸಿನ ಪತ್ರ, ಮೂರು ತಿಂಗಳ ಸಂಬಳದ ಸ್ಲಿಪ್, ಹಿಂದಿನ ಮನೆ ಮಾಲೀಕರ ನಂಬರ್ ಕೊಡಿ. ಪರಿಚಯದ ಹಿರಿಯರೊಬ್ಬರು ಜೊತೆಗೆ ಬಂದು ಎರಡು ಮಾತಾಡಿದರೆ ಕೆಲಸ ಬೇಗ ಆಗುತ್ತದೆ. ಹೀಗಾಗಬಾರದು ನಿಜ, ಆದರೆ ಆಗುತ್ತದೆ.

ಕೈಯಲ್ಲಿ ಡಿಪಾಸಿಟ್ಟಿಗೂ ಹಣ ಇಲ್ಲದ ತಾಯಂದಿರಿಗೆ ಕೆಲಸ ಮಾಡುವ ಮಹಿಳೆಯರ ಹಾಸ್ಟೆಲ್ ಇದೆ. 'ಸಖಿ ನಿವಾಸ್' ಅನ್ನುವ ಕೇಂದ್ರ ಯೋಜನೆಯಲ್ಲಿ ಹೆಣ್ಣುಮಕ್ಕಳನ್ನು 18ರವರೆಗೆ, ಗಂಡುಮಕ್ಕಳನ್ನು 12ರವರೆಗೆ ಜೊತೆಗೆ ಇಟ್ಟುಕೊಳ್ಳಬಹುದು. ಮಹಾನಗರಗಳಲ್ಲಿ ಸಂಬಳ ತಿಂಗಳಿಗೆ 50,000 ಮೀರಿರಬಾರದು. ಮೂರು ವರ್ಷದವರೆಗೆ ಇರಬಹುದು. ಸೀಟು ಕಡಿಮೆ, ಪಟ್ಟಿ ಜಿಲ್ಲಾ ಮಹಿಳಾ ಮತ್ತು ಬಾಲ ವಿಕಾಸ ಕಚೇರಿಯಲ್ಲಿ ಸಿಗುತ್ತದೆ. ಅಪ್ಪಂದಿರಿಗೆ ಇಂಥದ್ದು ಏನೂ ಇಲ್ಲ. ಇದು ಸರಿಯಲ್ಲ.

ಸ್ವಂತ ಮನೆಯ ಮಾತು ಬೇಗ ಮುಗಿಸುತ್ತೇನೆ. ಮ್ಹಾಡಾ (ರಾಜ್ಯದ ಗೃಹ ನಿರ್ಮಾಣ ಪ್ರಾಧಿಕಾರ) ಮನೆಗಳ ಲಾಟರಿಗೆ ಡೊಮಿಸೈಲ್ ಬೇಕು, ಆದಾಯದ ಗುಂಪುಗಳಿವೆ. ಮುಂಬಯಿ, ಪುಣೆ ಮಹಾನಗರ ಪ್ರದೇಶದಲ್ಲಿ ವರ್ಷಕ್ಕೆ 6 ಲಕ್ಷದವರೆಗಿನ ಕುಟುಂಬ ಮೊದಲ ಗುಂಪು, 9 ಲಕ್ಷದವರೆಗೆ ಎರಡನೆಯದು. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ 2.0ರಲ್ಲಿ ವಿಧವೆಯರಿಗೆ, ಒಂಟಿ ಹೆಂಗಸರಿಗೆ ಆದ್ಯತೆ ಇದೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಊರಿನ ಮನೆ ನಿಮ್ಮ ಹೆಸರಲ್ಲಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹೆಂಗಸಿನ ಹೆಸರಲ್ಲೇ ಮನೆ ಕೊಂಡರೆ ಮಹಾರಾಷ್ಟ್ರದಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ. 1 ಕಡಿಮೆ.

ನಾಲ್ಕನೇ ಹೆಜ್ಜೆ: ಶಾಲೆ

ಆರ್‌ಟಿಇ ಕಾಯ್ದೆಯಲ್ಲಿ ಖಾಸಗಿ ಶಾಲೆಗಳ ಪ್ರವೇಶ ತರಗತಿಯ ಶೇ. 25 ಸೀಟು ಉಚಿತ, ಎಂಟನೇ ಕ್ಲಾಸಿನವರೆಗೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳು ಇದರಲ್ಲಿ ಬರುವುದಿಲ್ಲ. ಆನ್‌ಲೈನ್ ಅರ್ಜಿ, ರಾಜ್ಯಕ್ಕೆಲ್ಲ ಒಂದೇ ಲಾಟರಿ. ಹತ್ತು ಶಾಲೆಗಳವರೆಗೆ ಆಯ್ಕೆ ಮಾಡಬಹುದು. ಒಂದು ಕಿಲೋಮೀಟರ್ ಒಳಗಿನವರಿಗೆ ಮೊದಲ ಆದ್ಯತೆ. ಗೂಗಲ್ ಮ್ಯಾಪಿನಲ್ಲಿ ಮನೆಯ ಗುರುತನ್ನು ಸರಿಯಾಗಿ ಇಡಿ. ಪಿನ್ ಪಕ್ಕದ ಬೀದಿಗೆ ಹೋದರೂ ಪರಿಶೀಲನೆಯಲ್ಲಿ ತಕರಾರು ಬರುತ್ತದೆ.

ಆರ್ಥಿಕವಾಗಿ ಹಿಂದುಳಿದವರಿಗೆ ಆದಾಯ ಮಿತಿ ವರ್ಷಕ್ಕೆ 1 ಲಕ್ಷ. ಮುಂಬಯಿಯಲ್ಲಿ ಮನೆಗೆಲಸ ಮಾಡುವವರೂ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಗಳಿಸದೆ ಬದುಕೋಕೆ ಆಗುತ್ತಾ? ಆ ಮಿತಿ ಹಾಕಿದವರು ಇಲ್ಲಿ ಒಂದು ತಿಂಗಳು ಬಾಡಿಗೆ ಕಟ್ಟಿ ನೋಡಬೇಕು. ಆದರೆ ಒಂದು ವಿಷಯ ಒಬ್ಬರೇ ಇರುವ ತಾಯಂದಿರಿಗೆ ಅನುಕೂಲ. ಡೈವೋರ್ಸ್ ಆದವರು, ವಿಧವೆಯರು ತಮ್ಮದೇ ಆದಾಯದ, ವಿಳಾಸದ ದಾಖಲೆ ಕೊಟ್ಟರೆ ಸಾಕು. ಬಿಟ್ಟು ಹೋದ ಗಂಡನ ಸಂಬಳ ಸೇರಿಸಬೇಕಿಲ್ಲ. ಡೈವೋರ್ಸ್ ಕೇಸು ಇನ್ನೂ ನಡೆಯುತ್ತಿದ್ದರೆ ಅದರ ಪುರಾವೆ ಕೊಡಬೇಕು. ಕೇಸ್ ನಂಬರಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಶೇ. 40ಕ್ಕೆ ಮೇಲ್ಪಟ್ಟ ಅಂಗವೈಕಲ್ಯ ಇರುವ ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ.

ಅರ್ಜಿ ಸಾಮಾನ್ಯವಾಗಿ ಹೊಸ ವರ್ಷದ ಆಸುಪಾಸು ತೆರೆಯುತ್ತದೆ. ಆದಾಯದ ದಾಖಲಾ ಆಗ ಹುಡುಕಲು ಹೊರಟರೆ ತಡವಾಯಿತು, ಅಕ್ಟೋಬರ್‌ನಲ್ಲೇ ಶುರು ಮಾಡಿ.

ಪಾಲಿಕೆ ಶಾಲೆ ಅಂದರೆ ಮೂಗು ಮುರಿಯುವವರಿದ್ದಾರೆ. ಹಾಗೆ ಮಾಡಬೇಡಿ, ಒಮ್ಮೆ ಹೋಗಿ ನೋಡಿ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿದೆ. ಪುಸ್ತಕ, ಯೂನಿಫಾರ್ಮ್, ಚೀಲ ಎಲ್ಲ ಉಚಿತ. ಈಗ ಪಾಲಿಕೆಯ ಸಿಬಿಎಸ್‌ಇ ಶಾಲೆಗಳೂ ಇವೆ, ಅವಕ್ಕೆ ಪೈಪೋಟಿ ಜಾಸ್ತಿ. ನಮ್ಮವರೇ ಕಟ್ಟಿದ ಶಾಲೆಗಳನ್ನೂ ಮರೆಯಬೇಡಿ: ವಡಾಲಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಪೊವಾಯಿಯಲ್ಲಿ ಬಂಟರ ಸಂಘದ ಎಸ್. ಎಂ. ಶೆಟ್ಟಿ ಶಾಲೆ, ಡೊಂಬಿವಲಿಯ ಮಂಜುನಾಥ ವಿದ್ಯಾಲಯ, ಪುಣೆಯಲ್ಲಿ ಕನ್ನಡ ಸಂಘದ ಕಾವೇರಿ ಸಂಸ್ಥೆಗಳು. ಫೀಸು ಕಟ್ಟಲಾಗದಿದ್ದರೆ ಆಡಳಿತ ಮಂಡಳಿಗೆ ಪತ್ರ ಬರೆಯಿರಿ. ಬಾಯಲ್ಲಿ ಕೇಳಿದ್ದನ್ನು ಮೀಟಿಂಗಿನಲ್ಲಿ ಯಾರೂ ಎತ್ತುವುದಿಲ್ಲ.

ಯಾವ ಮಾಧ್ಯಮ? ನಾಲ್ಕೈದು ವರ್ಷದಲ್ಲಿ ಊರಿಗೆ ಹೋಗುವ ಯೋಚನೆ ಇದ್ದರೆ ಕನ್ನಡ ಇರುವ ಶಾಲೆ ಒಳ್ಳೆಯದು, ಕರ್ನಾಟಕದಲ್ಲಿ ಶಾಲೆಗಳಲ್ಲಿ ಕನ್ನಡ ಕಲಿಯಲೇಬೇಕು. ಇಲ್ಲೇ ಇರುವುದಾದರೆ ಮರಾಠಿ ತಪ್ಪುವುದಿಲ್ಲ, 2020ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ಕಡ್ಡಾಯ. ಊರಿಂದ ಬಂದ ತಾಯಿಗೆ ಮರಾಠಿ ಓದಲು ಬರುವುದಿಲ್ಲ, ಹೋಮ್‌ವರ್ಕ್ ಹೇಳಿಕೊಡುವ ಇನ್ನೊಬ್ಬರು ಮನೆಯಲ್ಲಿಲ್ಲ. ಮಗು ಹಿಂದೆ ಬೀಳುವುದು ಹೆಚ್ಚಾಗಿ ಇಲ್ಲೇ.

ಶಾಲೆ ಗೊತ್ತು ಮಾಡುವಾಗ ಬಿಡುವ ಸಮಯ ನೋಡಿ. ಬೆಳಗಿನ ಶಿಫ್ಟ್ ಮಧ್ಯಾಹ್ನ ಹನ್ನೆರಡೂವರೆಗೆ ಬಿಡುತ್ತದೆ, ನೀವು ಮನೆ ಸೇರುವುದು ಏಳೂವರೆಗೆ. ಆ ಏಳು ಗಂಟೆಗೆ ಪಾಳಣಾಘರ್ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವುದೂ ಗೊತ್ತಿರಬೇಕು.

ಕಾಲೇಜಿಗೆ ಬಂದ ಹೆಣ್ಣುಮಕ್ಕಳಿದ್ದರೆ: 2024-25ರಿಂದ ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರು), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಒಬಿಸಿ ಗುಂಪಿನಲ್ಲಿ ಬರುವ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಶಿಕ್ಷಣ ಶುಲ್ಕ, ಪರೀಕ್ಷಾ ಶುಲ್ಕ ಮನ್ನಾ. ಅರ್ಜಿ ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ.

ಕೈಗೆ ಬರಬೇಕಾದ ಹಣ

ಮಹಾರಾಷ್ಟ್ರದ ಬಾಲ ಸಂಗೋಪನ ಯೋಜನೆ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಒಬ್ಬ ಪೋಷಕರಿರುವ ಮಗುವಿಗೆ, ತಾಯಿಯಾಗಲಿ ತಂದೆಯಾಗಲಿ, ತಿಂಗಳಿಗೆ 2,250 ರೂಪಾಯಿ, 18 ವರ್ಷದವರೆಗೆ. ಅರ್ಜಿ ಜಿಲ್ಲಾ ಬಾಲ ಸಂರಕ್ಷಣಾ ಘಟಕಕ್ಕೆ, ಆದೇಶ ಕೊಡುವುದು ಬಾಲ ಕಲ್ಯಾಣ ಸಮಿತಿ. ಇದಲ್ಲದೆ ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ತಿಂಗಳಿಗೆ 4,000 ಇದೆ. ತಾಯಿ ವಿಧವೆ, ಡೈವೋರ್ಸ್ ಆದವರು ಅಥವಾ ಕುಟುಂಬ ಕೈಬಿಟ್ಟವರಾಗಿರಬೇಕು, ನಗರದಲ್ಲಿ ವಾರ್ಷಿಕ ಆದಾಯ 96,000 ಮೀರಿರಬಾರದು. ಯಾವುದು ಸಿಗುತ್ತದೆ ಅಂತ ಅದೇ ಕಚೇರಿಯಲ್ಲಿ ಕೇಳಿ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098.

ಸಂಜಯ ಗಾಂಧಿ ನಿರಾಧಾರ್ ಯೋಜನೆಯ 1,500 ರೂಪಾಯಿಗೆ ವರ್ಷದ ಆದಾಯ 21,000 ಒಳಗಿರಬೇಕು. ಅದೂ, ಹೆಂಗಸರಿಗೆ ರಾಜ್ಯ ಸರ್ಕಾರ ತಿಂಗಳ ಹಣ ಕೊಡುವ ಲಾಡ್ಕಿ ಬಹಿಣ್ ಯೋಜನೆಯೂ ಒಟ್ಟಿಗೆ ಸಿಗುವುದಿಲ್ಲ.

ಗಂಡ ಕಂಪನಿಯಲ್ಲೋ ದೊಡ್ಡ ಹೋಟೆಲಿನಲ್ಲೋ ಕೆಲಸದಲ್ಲಿದ್ದು ತೀರಿಕೊಂಡಿದ್ದರೆ ಪಿಎಫ್ ವಿಚಾರಿಸಲೇಬೇಕು. ಅದರಲ್ಲಿ ಮೂರು ಬೇರೆ ಬೇರೆ ಹಣ ಇದೆ: ಪಿಎಫ್ ಮೊತ್ತ, ಪಿಂಚಣಿ, ಮತ್ತು 7 ಲಕ್ಷದವರೆಗಿನ ವಿಮೆ. ಪಿಂಚಣಿ ಹೆಂಡತಿಗೆ ಮಾತ್ರವಲ್ಲ, ಒಂದು ಹೊತ್ತಿಗೆ ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ಬೇರೆಯಾಗಿ ಬರುತ್ತದೆ. ಕಂಪನಿಯವರು ಒಂದಕ್ಕೆ ಸಹಿ ಹಾಕಿಸಿಕೊಂಡು 'ಎಲ್ಲ ಆಯ್ತು' ಅಂದರೆ ನಂಬಬೇಡಿ. ಮೂರಕ್ಕೂ ಕ್ಲೇಮ್ ಹೋಗಿದೆಯಾ ಅಂತ ಪಿಎಫ್ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ.

ಸರ್ಕಾರಿ ನೌಕರಿಯಲ್ಲಿರುವವರು ಮಕ್ಕಳ ಪಾಲನಾ ರಜೆ ನೋಡಿ. ಕೇಂದ್ರದಲ್ಲಿ 730 ದಿನ, ಒಬ್ಬರೇ ಇರುವ ತಂದೆಗೂ ಸಿಗುತ್ತದೆ. ರಾಜ್ಯದಲ್ಲಿ 180 ದಿನ, ಹೆಂಡತಿ ತೀರಿಕೊಂಡ ಗಂಡಸರಿಗೂ ಇದೆ.

ಸಂಘದವರು, ನೆರೆಯವರು ಏನು ಮಾಡಬಹುದು

ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಉಪನಗರದ ಪುಟ್ಟ ಸಂಘದವರೆಗೆ ಮುಂಬಯಿ ಕನ್ನಡಿಗರಿಗೆ ಸಂಘಗಳಿಗೆ ಬರಗಾಲ ಇಲ್ಲ. ವಿದ್ಯಾರ್ಥಿವೇತನ ಕೊಡುವ ಪದ್ಧತಿಯೂ ಹಳೆಯದು. ಒಂದೇ ಕೋರಿಕೆ: ವಿಧವೆ ತಾಯಿಯನ್ನು ವೇದಿಕೆಗೆ ಕರೆದು, ಶಾಲು ಹೊದಿಸಿದವರ ಜೊತೆ ಫೋಟೋ ತೆಗೆಸಿ ಚೆಕ್ ಕೊಡಬೇಡಿ. ಬ್ಯಾಂಕಿಗೆ ಹಾಕಿ, ಸುಮ್ನೆ. ಎಷ್ಟೋ ಜನ ಅರ್ಜಿ ಹಾಕದಿರುವುದು ಆ ಫೋಟೋಕ್ಕೆ ಹೆದರಿ.

ಹಣಕ್ಕಿಂತ ಹೆಚ್ಚು ಬೇಕಾಗುವುದು ಇನ್ನೊಂದಿದೆ. ನಿವೃತ್ತ ಬ್ಯಾಂಕ್ ನೌಕರರೊಬ್ಬರು ಭಾನುವಾರ ಎರಡು ಗಂಟೆ ಕೂತು ಫಾರ್ಮ್ ತುಂಬಿಸಿಕೊಡಲಿ. ಮರಾಠಿ ಚೆನ್ನಾಗಿ ಬಲ್ಲ ಕಾಲೇಜು ಹುಡುಗರು ವಾರಕ್ಕೆ ಮೂರು ಸಂಜೆ ಹೋಮ್‌ವರ್ಕ್ ಹೇಳಿಕೊಡಲಿ. ಸಂಘದ ಹಾಲ್ ಮದುವೆ ಇಲ್ಲದ ದಿನ ಖಾಲಿಯೇ ಇರುತ್ತದಲ್ಲ. ಕಚೇರಿಗೆ ಹೋಗುವಾಗ ಮಾತಾಡುವವರೊಬ್ಬರು ಜೊತೆಗಿರಲಿ, ಒಬ್ಬಳೇ ಹೆಂಗಸಿಗೆ 'ನಾಳೆ ಬಾ' ಅನ್ನುವವರು ಇಬ್ಬರು ನಿಂತರೆ ಇವತ್ತೇ ಫೈಲು ತೆಗೆಯುತ್ತಾರೆ. ಡಿಪಾಸಿಟ್ಟಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಸಣ್ಣ ನಿಧಿ ಇಟ್ಟರೆ ಇನ್ನೂ ಒಳ್ಳೆಯದು, ಆ ಹಣ ಮನೆ ಖಾಲಿ ಮಾಡಿದಾಗ ವಾಪಸ್ ಬರುವಂಥದ್ದೇ.

ಎಲ್ಲರೂ ಮುಂದೂಡುವ ಕೆಲಸ

ನಿಮಗೇ ಏನಾದರೂ ಆದರೆ ಮಗು ಯಾರ ಹತ್ತಿರ ಇರಬೇಕು? ಯೋಚಿಸಲು ಕಷ್ಟ, ಆದರೂ ಬರೆದಿಡಿ. ಸಂಗಾತಿ ತೀರಿಕೊಂಡವರು ವಿಲ್‌ನಲ್ಲಿ ಪಾಲಕರನ್ನು ಹೆಸರಿಸಬಹುದು. ಡೈವೋರ್ಸ್ ಆದವರ ವಿಷಯದಲ್ಲಿ ಮಗುವಿನ ಇನ್ನೊಬ್ಬ ಪೋಷಕರ ಹಕ್ಕೂ ಬರುವುದರಿಂದ ವಕೀಲರನ್ನು ಕೇಳಿಯೇ ಬರೆಸಿ. ಹೆಸರಿಸುವವರ ಒಪ್ಪಿಗೆ ಮೊದಲೇ ಪಡೆಯಿರಿ.

ಬ್ಯಾಂಕ್, ಪಿಎಫ್, ವಿಮೆಯ ನಾಮಿನಿ ಬದಲಿಸುವುದನ್ನು ಇದೇ ವಾರ ಮಾಡಿ. ಬಿಟ್ಟು ಹೋದ ಗಂಡನ ಹೆಸರೇ ಇನ್ನೂ ಅಲ್ಲಿರುತ್ತದೆ. ಪಿಎಫ್‌ನದ್ದು ಆನ್‌ಲೈನ್ ಇ-ನಾಮಿನೇಶನ್‌ನಲ್ಲೇ ಆಗುತ್ತದೆ. ವಿಮೆಗೆ ಮಗುವನ್ನು ನಾಮಿನಿ ಮಾಡಿದರೆ, ಮಗುವಿಗೆ 18 ಆಗುವವರೆಗೆ ಹಣ ಪಡೆಯುವ ದೊಡ್ಡವರೊಬ್ಬರ ಹೆಸರು ಬೇಕು. ಆ ಜಾಗವನ್ನು ಖಾಲಿ ಬಿಡಬೇಡಿ.